ಏಳು ತೆಗೆದೆ, ಆರು ಹಾಕಿದೆ

ನನ್ನ ಡೈರಿಯಲ್ಲಿ ಆ ಗುರುವಾರದ ಪುಟ ಹೀಗೆ ಶುರುವಾಗುತ್ತದೆ: 9.40, ಚೀಟಿ ಬರಲಿಲ್ಲ. 9.52, ಬರಲಿಲ್ಲ. 10.05, ಬರಲಿಲ್ಲ. ಕಂಪ್ಯೂಟರ್ ಆರಿಸಿ ಹಾಕಿದ್ದು ಮೂರು ಸಲ, ಕಾಫಿ ಕುಡಿದದ್ದು ಎರಡು ಸಲ.

ನಾನಾಗ ಆಲ್ದೂರಿನ ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಬೆಳೆಗಾರರು ತೊಳೆದು ಒಣಗಿಸಿ ಒಳಸಿಪ್ಪೆ ಸಮೇತ ತಂದ ಪಾರ್ಚ್‌ಮೆಂಟ್ ಕಾಫಿಯ ಪ್ರತಿ ಲಾಟಿಗೂ, ಅಂದರೆ ಒಬ್ಬರು ಒಂದು ಸಲ ತಂದ ಸರಕಿಗೂ, ಗೇಟಿನಲ್ಲಿ ಒಂದು ನಂಬರ್ ಬೀಳುತ್ತದೆ. ಆಮೇಲೆ ಆ ನಂಬರೇ ಅದರ ಗುರುತು. ಅಂದು 318ನೇ ಲಾಟಿನ ಚೀಟಿ ಬೇಕಿತ್ತು. ಬಾಳೂರಿನ ಒಬ್ಬ ಬೆಳೆಗಾರ್ತಿ ನನ್ನ ಮೇಜಿನೆದುರು ಕುಳಿತಿದ್ದರು. ರುಚಿ ನೋಡುವ ಸ್ಪರ್ಧೆಗೆ ಸ್ಯಾಂಪಲ್ ಒಯ್ಯುವ ಜೀಪು ಎರಡು ಗಂಟೆಗೆ ಚಿಕ್ಕಮಗಳೂರಿಗೆ ಹೊರಡುತ್ತಿತ್ತು. ಅದೇ ಕೊನೆಯ ದಿನ. ಚೀಟಿ ಇಲ್ಲದ ಪೊಟ್ಟಣವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ.

"ಪ್ರತಿ ವರ್ಷ ನಮ್ದು ಯಾರ್ಯಾರದೋ ಕಾಫಿ ಜೊತೆ ಸೇರಿ ಹೋಗ್ತದೆ. ಈ ಸಲ ನನ್ನ ಹೆಸರಲ್ಲೇ ಹೋಗ್ಲಿ ಅಂತ ಒಂದೊಂದು ಹಣ್ಣೂ ನಾನೇ ಆರಿಸಿದ್ದು ಮಾರಾಯ್ತಿ" ಎಂದರು.

ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ ಕೊನೆಗೆ ಒಂದು ಕೆಂಪು ಸಾಲು ಬರುತ್ತಿತ್ತು: ಲಾಟ್ ನಂಬರಿನ ಇಂಡೆಕ್ಸ್ ಡೇಟಾಬೇಸಿನಲ್ಲಿಲ್ಲ. ಇಂಡೆಕ್ಸ್ ಎಂದರೆ ದಪ್ಪ ಪುಸ್ತಕದ ಕೊನೆಯಲ್ಲಿ ಯಾವುದು ಎಷ್ಟನೇ ಪುಟದಲ್ಲಿದೆ ಎಂದು ತಿಳಿಸುವ ಪಟ್ಟಿಯಂಥದ್ದು. ಅದಿಲ್ಲದಿದ್ದರೆ ಸಾಫ್ಟ್‌ವೇರ್ ಮೊದಲ ಪುಟದಿಂದ ಹುಡುಕಬೇಕು; ಒಂದೇ ನಂಬರ್ ಎರಡು ಸಲ ಬೀಳದಂತೆ ತಡೆಯುವುದೂ ಅದೇ. ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆರಿಸಿ ಹಾಕಿ ಎಂದರು. ನಾಲ್ಕನೇ ಸಲ ಆರಿಸಿ ಹಾಕಿದೆ.

ಆಮೇಲೆ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ. ಸೋಮವಾರ: "ಹಳೇ ವರ್ಷಗಳ ಲೆಕ್ಕ ಬೇಗ ತುಂಬಲೆಂದು ಬೆಳಿಗ್ಗೆ ಇಂಡೆಕ್ಸ್ ತೆಗೆದೆ, 7. ಸಂಜೆ ವಾಪಸ್ ಹಾಕಿದೆ, 6. ಏಳನೆಯದು ಕೂರುತ್ತಿಲ್ಲ, ಒಂದೇ ನಂಬರ್ ಎರಡು ಕಡೆ ಇದೆಯಂತೆ. ನಾಳೆ ನೋಡುವುದು." ಮಂಗಳವಾರದ ಪುಟದಲ್ಲಿ ಅದರ ಸುದ್ದಿಯೇ ಇಲ್ಲ. ಬುಧವಾರ ನಾನು ರಜೆ. ಆ ಎರಡು ದಿನ ಯಾರೂ ಚೀಟಿ ಕೇಳಿರಲಿಲ್ಲ. ತಪ್ಪು ನನ್ನದೇ, ನನ್ನದೇ ಅಕ್ಷರದಲ್ಲಿ.

ಎರಡು ಕಡೆ ಇದ್ದ ನಂಬರ್ ಯಾವುದೆಂದು ಹುಡುಕಿದರೆ ಬಂದದ್ದು 318. ಒಂದು ಸಾಲಿನಲ್ಲಿ ನನ್ನೆದುರು ಕುಳಿತಿದ್ದ ಈ ಅಕ್ಕನ ಹೆಸರು, ಆರು ಚೀಲ. ಇನ್ನೊಂದರಲ್ಲಿ ಅವರ ಪಕ್ಕದ ತೋಟದವರ ಹೆಸರು, ಒಂಬತ್ತು ಚೀಲ.

ಗೋಡೌನಿಗೆ ಹೋಗಿ ಅಲ್ಲಿಯ ಲೆಕ್ಕ ಬರೆಯುವ ರೈಟರನ್ನು ಕೇಳಿದೆ. ಗೇಟಿನ ನಂಬರ್ ಕೊಡುವವರೂ ಅವರೇ.

"ಇಬ್ಬರದೂ ಒಂದೇ ಜೀಪಲ್ಲಿ ಬಂತಲ್ಲ. ಒಂದು ಜೀಪಿಗೆ ಒಂದು ನಂಬರ್" ಎಂದರು.

"ಹೆಸರು ಎರಡಿತ್ತಲ್ಲ ರೈಟರೇ?"

"ಬೇರೆ ದಿನ ಆಗಿದ್ರೆ ನಿನ್ನ ಕಂಪ್ಯೂಟರ್ರೇ ಈ ನಂಬರ್ ಆಗಲೇ ಇದೆ ಅಂತ ಬೈತಿತ್ತು, ನಾನು ಇನ್ನೊಂದು ಹಾಕ್ತಿದ್ದೆ. ಸೋಮವಾರ ಸುಮ್ನಿತ್ತು. ಒಪ್ಪಿಗೆ ಆಯ್ತು ಅಂದ್ಕೊಂಡೆ."

ಬೈಯಬೇಕಾದ ಇಂಡೆಕ್ಸನ್ನು ಅಂದು ಬೆಳಿಗ್ಗೆಯೇ ನಾನು ತೆಗೆದಿಟ್ಟಿದ್ದೆ. ಬಾಳೂರು ಕಡೆಯ ಸಣ್ಣ ಬೆಳೆಗಾರರು ಒಂದೇ ಜೀಪಿಗೆ ಕಾಫಿ ಹೇರುವುದು ಹೊಸತೇನಲ್ಲ. ಆ ದಿನವೇ ಆಗಬೇಕಿತ್ತು, ಆಯಿತು.

ನನ್ನ ಹಿಂದೆಯೇ ಬಂದಿದ್ದ ಅಕ್ಕ ಅಷ್ಟರಲ್ಲಿ ಚೀಲಗಳ ಸಾಲಿನ ಮುಂದೆ ನಿಂತಿದ್ದರು. "ಹಸಿರು ಅಂಚಲ್ಲಿ ಬಾಯಿ ಕಟ್ಟಿದ್ದು ನಂದು. ನನ್ನ ಹಳೇ ಸೀರೆದು" ಎಂದರು. ಹಸಿರು ಅಂಚು ಆರು, ನೀಲಿ ಪ್ಲಾಸ್ಟಿಕ್ ದಾರ ಒಂಬತ್ತು. ಎರಡು ಸಲ ಎಣಿಸಿದೆ.

"ಸ್ಯಾಂಪಲ್ ಯಾವುದರಿಂದ ತೆಗೆದಿದ್ದು?" ಎಂದು ಅವರೇ ಕೇಳಿದರು.

ರೈಟರು ಕಿವಿ ಕೆರೆದುಕೊಂಡು ಮೇಲಿನ ಚೀಲವನ್ನು ತೋರಿಸಿದರು. ಅದರ ದಾರ ನೀಲಿ.

ಚೀಟಿ 9.40ಕ್ಕೇ ಬಂದಿದ್ದರೆ ಪಕ್ಕದವರ ಕಾಫಿ ಈ ಅಕ್ಕನ ಹೆಸರು ಹೊತ್ತು ಹೋಗಿರುತ್ತಿತ್ತು. ಮೊದಲು ನಕ್ಕದ್ದು ಅಕ್ಕ.

ಆಮೇಲೆ ಎಲ್ಲವೂ ಸರಸರನೆ ಆಯಿತು. ಒಂಬತ್ತು ಚೀಲಕ್ಕೆ ರೈಟರು ಹೊಸ ನಂಬರ್ ಬರೆದರು. ಹಸಿರು ಅಂಚಿನ ಆರೂ ಚೀಲಗಳಿಂದ ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಹೊಸ ಪೊಟ್ಟಣ ಮಾಡಿದರು. ನಾನು ಎರಡನೇ ಸಾಲಿನ ನಂಬರ್ ತಿದ್ದಿ ಏಳನೇ ಇಂಡೆಕ್ಸ್ ಹಾಕಿದೆ. ಮಾತಾಡದೆ ಕೂತಿತು. 318 ಎಂದು ಒತ್ತಿ ಬೆರಳು ಎತ್ತುವುದರೊಳಗೆ ಚೀಟಿ ಪ್ರಿಂಟರಿನಿಂದ ಹೊರಬಂತು. ಗಂಟೆ 1.35.

ಅಕ್ಕ ಕನ್ನಡಕ ಹಾಕಿಕೊಂಡು ಚೀಟಿಯಲ್ಲಿ ತಮ್ಮ ಹೆಸರನ್ನು ನಿಧಾನವಾಗಿ ಓದಿದರು, ಪೊಟ್ಟಣಕ್ಕೆ ತಾವೇ ಅಂಟಿಸಿದರು. ಜೀಪು ಹೊರಟ ಮೇಲೆ ನಮ್ಮಿಬ್ಬರ ಕಡೆ ತಿರುಗಿ, "ಅವನದ್ದು ನನ್ನ ಹೆಸರಲ್ಲಿ ಹೋಗ್ತಿತ್ತು ಅಂತ ಪಕ್ಕದ ತೋಟದವನಿಗೆ ಹೇಳ್ಬೇಡಿ" ಎಂದರು. "ನನಗೆ ಬಹುಮಾನ ಬಂದ್ರೆ, ಅದು ನಂದೇ ಕಾಫಿ ಅಂತ ಊರೆಲ್ಲ ಹೇಳ್ತಾನೆ."

ಅಂದಿನ ಪುಟದ ಕೊನೆಯ ಸಾಲು: ತೆಗೆದದ್ದು 7, ಹಾಕಿದ್ದು 7. ಅದರ ಕೆಳಗೆ ರೈಟರು ನನ್ನ ಪೆನ್ನು ಕಸಿದುಕೊಂಡು ತಾವೇ ಬರೆದದ್ದೂ ಇದೆ: ಜೀಪು 1, ಹೆಸರು 2, ನಂಬರ್ 2.