ಎದುರು ಕುರ್ಚಿಗೆ ಬಾರದ ಮಗಳು

ಬೆಳಗಿನ ಆರೂವರೆ. ಬಿಸಿನೆಸ್ ಕಾಲೇಜಿನ ಕಾರಿಡಾರಿನಲ್ಲಿ ಇನ್ನೂ ಕಸ ಗುಡಿಸಿಲ್ಲ. ‘ಉದ್ಯೋಗ ಮಾರ್ಗದರ್ಶನ ಕೇಂದ್ರ’ ಎಂಬ ದೊಡ್ಡ ಹೆಸರಿನ ಸಣ್ಣ ಕೋಣೆಯ ಬೀಗ ತೆಗೆದು, ಮೇಜನ್ನು ಒರೆಸಿ, ಬಾಯಿಗೊಂದು ಪೆಪ್ಪರಮೆಂಟು ಹಾಕಿಕೊಂಡು ಇವರು ಕೂರುತ್ತಾರೆ. ಎಂಬಿಎ ವಿದ್ಯಾರ್ಥಿಗಳ ಬಾಯಲ್ಲಿ ಇವರ ಹೆಸರು ‘ಎದುರು ಕುರ್ಚಿ ಮೇಡಂ’. ಕಂಪನಿಗಳು ಸಂದರ್ಶನಕ್ಕೆ ಬರುವ ಮೊದಲು ಎದುರು ಕುರ್ಚಿಯಲ್ಲಿ ಕೂತು, ಮಕ್ಕಳಿಗೆ ಸಂದರ್ಶನದ ಅಭ್ಯಾಸ ಮಾಡಿಸುವುದೇ ಇವರ ಕೆಲಸ.

ಮೊದಲು ಬಂದ ಹುಡುಗನ ಟೈ ಕುತ್ತಿಗೆ ಹಿಸುಕುವಷ್ಟು ಬಿಗಿಯಾಗಿದೆ. “ನಿಮ್ಮ ಬಗ್ಗೆ ಹೇಳಿ” ಎನ್ನುತ್ತಾರೆ ಮೇಡಂ. ತಾನು ಶ್ರಮಜೀವಿ, ತನ್ನಲ್ಲಿ ನಾಯಕತ್ವದ ಗುಣವಿದೆ, ಅತಿಯಾಗಿ ಕೆಲಸ ಮಾಡುವುದೇ ತನ್ನ ದೌರ್ಬಲ್ಯ ಎಂದು ಆತ ಬಾಯಿಪಾಠವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಮೇಡಂ ಪೆಪ್ಪರಮೆಂಟು ಚೀಪುತ್ತಾ ಕೂತಿರುತ್ತಾರೆ. ಹುಡುಗ ಕಿಟಕಿ ನೋಡುತ್ತಾನೆ. ಆಮೇಲೆ ತಾನಾಗಿಯೇ ಬಾಯಿಬಿಡುತ್ತಾನೆ: “ನಿಜ ಹೇಳಬೇಕಂದ್ರೆ ಮೇಡಂ, ನಮ್ಮಪ್ಪನ ಅಂಗಡಿಗೆ ಹಳೇ ಗಿರಾಕಿಗಳು ಬರೋದು ನಿಂತೋಗಿತ್ತು. ಯಾಕೆ ಅಂತ ಅವರವರ ಮನೆಗೇ ಹೋಗಿ ಕೇಳ್ಕೊಂಡು ಬಂದೆ.”

ಮೇಡಂ ಮುಖ ಅರಳುತ್ತದೆ. “ಇದನ್ನ ಯಾಕೋ ಬಚ್ಚಿಟ್ಟಿದ್ದೆ? ಆ ಶ್ರಮಜೀವೀನ ಮನೇಲಿ ಬಿಟ್ಟು, ಈ ಹುಡುಗನ್ನ ಸಂದರ್ಶನಕ್ಕೆ ಕರ್ಕೊಂಡು ಹೋಗು.”

ಪೆಪ್ಪರಮೆಂಟಿನ ಗುಟ್ಟು ಇಷ್ಟೇ. ಪ್ರಶ್ನೆ ಕೇಳಿದ ಮೇಲೆ ಅದು ಕರಗುವ ತನಕ ಬಾಯಿ ತೆರೆಯಬಾರದು ಎಂಬುದು ಇವರೇ ಹಾಕಿಕೊಂಡ ಕಟ್ಟಳೆ. “ನಾನು ಹುಟ್ಟಾ ವಾಚಾಳಿ. ಬಾಯಿಗೆ ಏನಾದ್ರೂ ಕೆಲಸ ಕೊಡದಿದ್ರೆ ಮಕ್ಕಳ ಉತ್ತರ ನಾನೇ ಹೇಳ್ಬಿಡ್ತೀನಿ” ಎಂದು, ಇವರ ಬಗ್ಗೆ ಬರೆಯಲು ಬಂದ ನನಗೆ ಹೇಳಿ ನಗುತ್ತಾರೆ. ಕಾಲೇಜು ಶುರುವಾಗುವ ಹೊತ್ತಿಗೆ ಏಳೆಂಟು ಮಂದಿ ಬಂದುಹೋಗುತ್ತಾರೆ. ಡಬ್ಬಿ ಬೇಗ ಖಾಲಿಯಾಗುತ್ತದೆ.

ಇವರು ಹಿಂದೆ ಬಟ್ಟೆ ಕಾರ್ಖಾನೆಯೊಂದರ ಕಚೇರಿಯಲ್ಲಿದ್ದವರು. ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ ಗಂಡ ತೀರಿಕೊಂಡರು. ವರ್ಷ ತುಂಬುವುದರೊಳಗೆ ಕಾರ್ಖಾನೆಯೂ ಬಾಗಿಲು ಹಾಕಿತು. ಗಾಯದ ಮೇಲೆ ಬರೆ ಅಂದರೆ ಇದೇ. ಕೆಲಸಕ್ಕಾಗಿ ಹತ್ತಿಳಿದ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. “ಎಲ್ಲಿ ಹೋದ್ರೂ ‘ಏನು ಕೊಟ್ರೂ ಮಾಡ್ತೀನಿ ಸಾರ್’ ಅಂತಿದ್ದೆ. ಹಂಗಂದೋರಿಗೆ ಯಾರೂ ಏನೂ ಕೊಡಲ್ಲ ಕಣ್ರೀ. ನನಗೇನು ಬರುತ್ತೆ ಅಂತ ಹೇಳೋದು ಕಲಿಯೋಕೆ ಎರಡು ವರ್ಷ ಹಿಡೀತು.” ಆ ಎರಡು ವರ್ಷದ ಪಾಠವನ್ನೇ ಈಗ ಹಂಚುತ್ತಿದ್ದಾರೆ. ಈಗಾಗಲೇ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳ ಹತ್ತಿರ ಕೆಲಸ ಕೊಡಿಸಿ ಎಂದು ಗೋಗರೆಯಬೇಡಿ, ‘ನಿಮ್ಮ ಕೆಲಸ ಹೇಗಿರುತ್ತದೆ’ ಎಂದು ಕೇಳಿ, ಸಂಬಳ ನೋಡುವ ಮೊದಲು ಯಾರ ಕೈಕೆಳಗೆ ಕಲಿಯುತ್ತೀರಿ ಎಂದು ನೋಡಿ ಎನ್ನುತ್ತಾರೆ. ಕೆಲಸ ಸಿಕ್ಕವರ ಫೋಟೊಗಳು ಕಾಲೇಜಿನ ಗೋಡೆ ತುಂಬ ಇವೆ. ಇವರ ಫೋಟೊ ಎಲ್ಲೂ ಇಲ್ಲ, ಅದರ ಕೊರಗೂ ಇವರಿಗಿಲ್ಲ.

ಕೊರಗು ಬೇರೆಯದು. ಮಗಳೀಗ ಇದೇ ಕಾಲೇಜಿನಲ್ಲಿ ಎಂಬಿಎ ಕೊನೆಯ ವರ್ಷ ಓದುತ್ತಿದ್ದಾಳೆ. ನಾಡಿದ್ದು ಅವಳ ಮೊದಲ ಸಂದರ್ಶನ. ಊರ ಮಕ್ಕಳೆಲ್ಲ ಸಾಲುಗಟ್ಟುವ, ಇವರೆದುರಿನ ಕುರ್ಚಿಗೆ ಅವಳೊಬ್ಬಳು ಬರುತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನಾಗಬಹುದಿತ್ತು, ಆದರೆ ಅವಳು ಒಮ್ಮೆ ಬಂದಿದ್ದಳು. “ನಿನ್ನ ಬಗ್ಗೆ ಹೇಳು ಅಂದೆ. ‘ನಂಗೆ ಚಿಕ್ಕೋಳಿದ್ದಾಗಿಂದ...’ ಅಂತ ಶುರು ಮಾಡಿ ತಡವರಿಸಿದಳು. ಪೆಪ್ಪರಮೆಂಟು ಕಟಕ್ ಅಂತ ಕಡಿದು, ಅವಳ ಮಾತನ್ನ ನಾನೇ ಮುಗಿಸಿದೆ. ಅಪ್ಪನ್ನ ಕಳ್ಕೊಂಡ ಹುಡುಗಿ, ಎಷ್ಟು ಗಟ್ಟಿಗಿತ್ತಿ, ಎಲ್ಲಾ ಹೇಳ್ಬಿಟ್ಟೆ. ‘ಕೆಲಸ ನಿಂಗೋ ನಂಗೋ ಅಮ್ಮಾ?’ ಅಂತ ಎದ್ದು ಹೋದಳು.” ಇಷ್ಟು ಹೇಳಿ ಮೇಡಂ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ.

ಮಗಳು ನನಗೆ ಕ್ಯಾಂಟೀನಿನಲ್ಲಿ ಸಿಗುತ್ತಾಳೆ. ಅವಳ ಮಾತಿನಲ್ಲಿ ಸಿಟ್ಟಿಲ್ಲ. “ಅಮ್ಮ ಅಂದ್ರೆ ನಂಗೆ ಪ್ರಾಣ. ಆದ್ರೆ ಅವಳ ಎದುರು ಕೂತ್ರೆ, ನಾನು ಯಾರು ಅಂತ ನನಗಿಂತ ಮುಂಚೆ ಅವಳಿಗೇ ಗೊತ್ತಿರುತ್ತೆ. ಮತ್ತೆ ನಾನೇನು ಹೇಳ್ಲಿ?” ಮನೆಯಲ್ಲಿ ಅವಳು ತಾರಸಿಗೆ ಹೋಗಿ, ಗೆಳತಿಯ ಜೊತೆ ಫೋನಿನಲ್ಲಿ ಅಭ್ಯಾಸ ಮಾಡುತ್ತಾಳೆ. ಕೆಳಗೆ ಪಾತ್ರೆ ತೊಳೆಯುವ ತಾಯಿ ನಲ್ಲಿ ನಿಲ್ಲಿಸಿ ಕಿವಿಗೊಡುತ್ತಾರೆ. ಕೇಳುವುದು ಅತ್ತಿಂದಿತ್ತ ನಡೆಯುವ ಹೆಜ್ಜೆಯ ಸದ್ದು ಮಾತ್ರ.

ಮೇಡಂ ಕೋಣೆಗೆ ಮರಳಿ, ಮಗಳಿಗೆ ಕೆಲಸ ಸಿಗಲೆಂದು ಹಾರೈಸಿ ನಾನು ಹೊರಡಲು ಅನುವಾಗುತ್ತೇನೆ. “ಸಿಗುತ್ತೆ ಬಿಡಿ, ಇದಲ್ಲದಿದ್ರೆ ಇನ್ನೊಂದು” ಎನ್ನುತ್ತಾರೆ ಮೇಡಂ. ಮುಂದಿನ ವಿದ್ಯಾರ್ಥಿ ಆಗಲೇ ಬಾಗಿಲಲ್ಲಿ ನಿಂತಿದ್ದಾನೆ. ಅವನಿಗೆ ಒಂದು ನಿಮಿಷ ಎಂದು ಕೈಸನ್ನೆ ಮಾಡಿ, ದನಿ ತಗ್ಗಿಸುತ್ತಾರೆ.

“ನಾಡಿದ್ದು ಅವಳೆದುರು ಕೂರೋರು ಯಾರೋ ಏನೋ, ಪುಣ್ಯವಂತರು ಕಣ್ರೀ. ‘ಚಿಕ್ಕೋಳಿದ್ದಾಗಿಂದ’ ಅಂದ ಮೇಲೆ ಅವಳು ಏನು ಹೇಳೋಳಿದ್ದಳು ಅಂತ ಅವರಿಗೆ ಗೊತ್ತಾಗುತ್ತೆ.”