ಪ್ಲಾಸ್ಟರ್ ಮೇಷ್ಟ್ರು ಕಟ್ಟಿದ ಉಡುಗೊರೆಗಳು

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ದೊಡ್ಡಾಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆಗೆ ಅಂಟಿಕೊಂಡಂತೆ, ಸದಾ ಒದ್ದೆ ಸುಣ್ಣದ ವಾಸನೆಯ ಒಂದು ಕೋಣೆಯಿದೆ. ಅಲ್ಲಿ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕುವುದು ಮೂವತ್ತೊಂದು ವರ್ಷದಿಂದ ಅವರ ಕೆಲಸ. ಹೊಸ ಡಾಕ್ಟರುಗಳು ಇನ್ನೂರಾರು ಮೂಳೆಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಸುತ್ತುವುದನ್ನು ಮಾತ್ರ ಇವರ ಕೈ ನೋಡಿ ಕಲಿಯಬೇಕು. ಪ್ಲಾಸ್ಟರ್ ಮೇಷ್ಟ್ರು ಎಂಬ ಹೆಸರು ಹಾಗೆ ಬಂದದ್ದು.

"ಬೆರಳ ತುದಿ ತಾಗಿಸಬೇಡಿ ಸಾರ್, ಅಂಗೈಯಲ್ಲಿ ಸವರಿ," ಎನ್ನುತ್ತಿದ್ದರು. "ನಿಮ್ಮ ಬೆರಳು ಒತ್ತಿದ ಗುಳಿ ಒಳಗೆ ಆರು ವಾರ ಚುಚ್ಚುತ್ತೆ."

ಮೊದಲು ಮೆತ್ತಗೆ ಹತ್ತಿ, ಆಮೇಲೆ ಪಟ್ಟಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ. ಒಳಗಿನ ಚೂಪು ಹೊರಗಿನ ಕೈಗೆ ತಿಳಿಯಬಾರದು. ಕೊನೆಗೆ ಪೆನ್ನು ತೆಗೆದು ಮೇಲೆ ಎರಡು ತಾರೀಖು: ಕಟ್ಟಿದ್ದು ಯಾವತ್ತು, ಬಿಚ್ಚುವುದು ಯಾವತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ಎಲ್ಲೋ ಹಳೆಯ ರೋಗಿಯೊಬ್ಬರು ಮಾತಿಲ್ಲದೆ ತೋಳು ಮಡಚಿ ಬಿಡಿಸಿ ತೋರಿಸುವರು; ಮೇಷ್ಟ್ರು ತಲೆದೂಗುವರು. ಅವರ ಮಟ್ಟಿಗೆ ಅದೇ ಸನ್ಮಾನ.

ಡಿಸೆಂಬರಿನ ಎರಡನೆಯ ವಾರ ಅವರ ಮೇಜಿನ ಮೇಲೆ ಬಂದು ಮಲಗಿದ್ದು ಅವರ ಹೆಂಡತಿಯದೇ ಕೈ.

ಕಿಟಕಿಗೆ ಕಾಗದದ ನಕ್ಷತ್ರ ಕಟ್ಟಲು ಸ್ಟೂಲು ಹತ್ತಿದ್ದಳು. ಸ್ಟೂಲು ಒಂದು ಕಡೆ, ಇವಳು ಒಂದು ಕಡೆ. ಬಲಗೈ ಮಣಿಕಟ್ಟು ಮುರಿದಿತ್ತು. ಡಾಕ್ಟರು ಮೂಳೆ ಕೂರಿಸಿದರು, ಮೇಷ್ಟ್ರು ಸುತ್ತಿದರು. ನೋವಿಗೆ ಅಳದವಳು ಎರಡನೆಯ ತಾರೀಖು ಬರೆಯುವುದನ್ನು ನೋಡಿ ಕಣ್ಣು ತುಂಬಿಕೊಂಡಳು.

"ಜನವರಿ ಕೊನೆಗಾ? ಕ್ರಿಸ್‌ಮಸ್ ಗತಿ ಏನ್ರೀ?"

ಆ ಪ್ರಶ್ನೆಯ ಭಾರ ಗೊತ್ತಿದ್ದದ್ದು ಮೇಷ್ಟ್ರಿಗೆ ಮಾತ್ರ. ಇಪ್ಪತ್ತೆರಡು ವರ್ಷದಿಂದ ಕುಟುಂಬದ ಕ್ರಿಸ್‌ಮಸ್ ನಡೆಯುತ್ತಿದ್ದದ್ದು ಹೆಂಡತಿಯ ಅಕ್ಕನ ಮನೆಯಲ್ಲಿ. ಆರು ಕೋಣೆಯ ಮನೆ. ಇವಳು ಪ್ರತಿ ವರ್ಷ ಎರಡು ದಿನ ಮೊದಲೇ ಹೋಗಿ ತೋರಣ ಕಟ್ಟಿ, ಎಲ್ಲರ ಉಡುಗೊರೆಗಳನ್ನು ಸುತ್ತಿ, ಹಬ್ಬದ ದಿನ ಅಡುಗೆಮನೆಯಲ್ಲೇ ಉಳಿಯುತ್ತಿದ್ದಳು. "ನಮ್ಮ ತಂಗಿ ಅಂದ್ರೆ ನನ್ನ ಬಲಗೈ," ಎಂದು ಅಕ್ಕ ಬಂದವರ ಮುಂದೆ ಹೊಗಳುವರು. ಅದು ಹೊಗಳಿಕೆಯೇ, ಆದರೆ ಬಲಗೈಯನ್ನು ಯಾರೂ ಕುರ್ಚಿ ಹಾಕಿ ಕೂರಿಸುವುದಿಲ್ಲ. ಈ ವರ್ಷ ಅಕ್ಕನ ಮನೆಯ ನೆಲ ಅಗೆದು ಹಾಕಿದ್ದರು. ಸಿಕ್ಕಿದ್ದೇ ಸಮಯವೆಂದು ಇವಳು, "ನಮ್ಮನೆಗೇ ಬನ್ನಿ ಅಕ್ಕ," ಎಂದುಬಿಟ್ಟಳು.

"ನಿಮ್ಮನೇಲಾ? ಎಲ್ಲಿ ಕೂರಿಸ್ತೀಯೇ?" ಎಂದಿದ್ದರು ಅಕ್ಕ.

ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಇವಳ ಜೊತೆಗೇ ನಡೆಯುತ್ತಿತ್ತು. ಎರಡೇ ಕೋಣೆಯ ಮನೆಯಲ್ಲಿ ಒಂದು ಹಬ್ಬ ಮಾಡಿ, ತಾನು ಮನೆಯ ಯಜಮಾನಿಯಾಗಿ ಎಲ್ಲರ ನಡುವೆ ಕೂರಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಕೈ ಮುರಿದ ಸುದ್ದಿ ತಿಳಿದು ಅಕ್ಕ ಫೋನು ಮಾಡಿದರು. "ಬಿಡು, ಎಲ್ಲರೂ ಹೋಟೆಲಿಗೆ ಹೋದ್ರಾಯ್ತು. ನಿನ್ನ ಗಂಡನ ಕೈಲಿ ಹಬ್ಬ ಮಾಡ್ಸೋಕಾಗುತ್ತಾ?"

ಮೇಷ್ಟ್ರು ಎಂದೂ ಹೆಂಡತಿಯ ಫೋನು ಕಸಿದುಕೊಂಡವರಲ್ಲ. ಅಂದು ಕಸಿದುಕೊಂಡರು.

"ಅತ್ತಿಗೆ, ಹಬ್ಬ ಮನೇಲೇ. ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ."

ಫೋನು ಇಟ್ಟ ಮೇಲೆ ಹೆಂಡತಿ ಅವರನ್ನೇ ದಿಟ್ಟಿಸಿದಳು. "ಮದುವೆಯಾದಾಗಿನಿಂದ ಒಂದು ಪೊಟ್ಟಣ ಕಟ್ಟಿದ್ದೀರಾ ನೀವು?"

"ದಿನಕ್ಕೆ ಹದಿನೈದು ಕಟ್ತೀನಿ."

"ಅದು ಕೈಕಾಲು ಕಣ್ರೀ."

"ಕೈಕಾಲು ನೋವು ಅಂತ ಕಿರುಚುತ್ತೆ. ಪೊಟ್ಟಣ ಕಿರುಚೋದೂ ಇಲ್ಲ."

ಮರುದಿನದಿಂದ ಮೇಷ್ಟ್ರಿಗೆ ಎರಡು ಪಾಳಿ. ನಾಲ್ಕು ಗಂಟೆಗೆ ಆಸ್ಪತ್ರೆ ಮುಗಿಸಿ ಬಂದವರು ಕೈತೊಳೆದು, ತೋಳು ಮಡಚಿ, ಮನೆಯನ್ನೇ ಒಬ್ಬ ರೋಗಿಯಂತೆ ಸುತ್ತ ನೋಡಿದರು. ಮಂಚದ ಕಾಲು ಕಳಚಿ ಗೋಡೆಗೆ ಒರಗಿಸಿದರು. ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ಬಂದವು. ನಕ್ಷತ್ರ ಕಿಟಕಿಗೇರಿತು. ಬಣ್ಣದ ಕಾಗದದ ಪಟ್ಟಿಗಳನ್ನು ಕೊಂಡಿಕೊಂಡಿಯಾಗಿ ಅಂಟಿಸಿ ಗೋಡೆಯಿಂದ ಗೋಡೆಗೆ ಸರಪಳಿ ಕಟ್ಟಿದರು. ಒಂದು ಕೊಂಡಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ದೊಡ್ಡದಿರಲಿಲ್ಲ. ಪುಟ್ಟ ಕ್ರಿಸ್‌ಮಸ್ ಮರಕ್ಕೆ ಹಿಮ ಬೇಕೆಂದಳು ಹೆಂಡತಿ. ಔಷಧಿ ಅಂಗಡಿಯಿಂದ ಹತ್ತಿ ಕೊಂಡು ತಂದರು. ಆಸ್ಪತ್ರೆಯ ಒಂದೆಳೆ ಹತ್ತಿಯೂ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ.

ಯೇಸು ಹುಟ್ಟಿದ ಗೋದಲಿಯ ಗೊಂಬೆಗಳಲ್ಲಿ ಕುರುಬನ ತೋಳು ಮುರಿದುಹೋಗಿತ್ತು. ಬೆಳಿಗ್ಗೆ ನೋಡಿದರೆ ಅವನಿಗೆ ಬೆರಳಗಲದ ಬಿಳಿ ಪ್ಲಾಸ್ಟರ್.

"ಅಮ್ಮಂಗೆ ಜೊತೆಗಾರ ಸಿಕ್ಕಿದ," ಎಂದಳು ಮಗಳು. ಅವಳು ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಹಬ್ಬದ ರಜೆಗೆ ಬಂದಿದ್ದಳು, ಅಡುಗೆ ಅವಳ ಪಾಲಿಗಿತ್ತು.

"ಕುರಿ ಯಾರು ಕಾಯ್ತಾರಂತೆ?" ಹೆಂಡತಿ ಕೇಳಿದಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಉಡುಗೊರೆಗಳನ್ನು ಕಟ್ಟಿದ್ದು ಇಪ್ಪತ್ತೆರಡನೆಯ ತಾರೀಖಿನ ಸಂಜೆ. ಹೆಂಡತಿ ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ಕೊಡುವಳು, ಮೇಷ್ಟ್ರು ತಿರುಗಿಸಿ ನೋಡುವರು. ಅಕ್ಕನಿಗೆ ಶಾಲು. ಭಾವನಿಗೆ ಮಡಚುವ ಕೊಡೆ. ಅಕ್ಕನ ಮಗನಿಗೆ ಉಣ್ಣೆಯ ಟೋಪಿ, ಸೊಸೆಗೆ ಗಾಜಿನ ಜಗ್ಗು, ತಮ್ಮ ಮಗಳಿಗೆ ಕತ್ತರಿ. ಎಲ್ಲದಕ್ಕೂ ಒಳಗೆ ಒಂದೇ ಗಾತ್ರಕ್ಕೆ ಬರುವಷ್ಟು ಹತ್ತಿ, ಹೊರಗೆ ಒಂದೇ ಕೆಂಪು ಕಾಗದ.

ಜಗ್ಗನ್ನು ಕೊಡುವಾಗ ಹೆಂಡತಿ ಹಿಂಜರಿದಳು. "ಇದಕ್ಕೆ ಪೆಟ್ಟಿಗೆ ಬೇಕಾಗಿತ್ತು. ಹಿಡಿ, ಮೂತಿ, ಎಲ್ಲಾ ಕಡೆ ಚಾಚಿಕೊಂಡಿದೆ."

"ಮೊಣಕೈ ಕಟ್ಟೋನಿಗೆ ಜಗ್ಗು ಯಾವ ಮಹಾ," ಎಂದರು ಮೇಷ್ಟ್ರು. ಹಿಡಿಯ ಸಂದಿಗೆ ಹತ್ತಿ ತುಂಬಿ, ಮೂತಿಗೆ ಮೆತ್ತೆ ಕೊಟ್ಟು, ಕಾಗದವನ್ನು ಅಂಗೈಯಗಲದ ಪಟ್ಟಿಗಳಾಗಿ ಸೀಳಿ ಸುತ್ತತೊಡಗಿದರು. ಸುತ್ತಿನ ಮೇಲೆ ಅರ್ಧ ಸುತ್ತು. ಎಲ್ಲೂ ಸುಕ್ಕಿಲ್ಲ, ಎಲ್ಲೂ ಗಾಳಿಯಿಲ್ಲ. ಹೆಂಡತಿ ನೋಡುತ್ತ ಕೂತಳು. ಇಷ್ಟು ವರ್ಷ ಅವಳಿಗೆ ಈ ಕೈಗಳು ಗೊತ್ತಿದ್ದದ್ದು ಉಗುರಿನ ಸಂದಿಯ ಸುಣ್ಣದಿಂದ, ಕೆಲಸ ಮುಗಿದ ಮೇಲಿನ ಆಯಾಸದಿಂದ. ಕೆಲಸದ ನಡುವೆ ಅವು ಹೇಗಿರುತ್ತವೆಂದು ಹೀಗೆ ಎದುರು ಕೂತು ಕಂಡಿರಲಿಲ್ಲ.

"ಹೆಸರು ಬರೆಯೋದು ಮರೀಬೇಡಿ," ಎಂದು ಅವಳು ಒಲೆಯ ಮೇಲಿನ ಹಾಲು ನೋಡಲು ಎದ್ದಳು.

"ಬರೀತೀನಿ, ಬರೀತೀನಿ," ಎಂದು ಮೇಷ್ಟ್ರು ಪೆನ್ನು ತೆಗೆದರು.

ಹಬ್ಬದ ದಿನ ಹನ್ನೆರಡಕ್ಕೆ ಅತ್ತಿಗೆ, ಅವರ ಗಂಡ, ಮಗ, ಸೊಸೆ ಬಂದರು. ಅತ್ತಿಗೆ ಬಾಗಿಲಲ್ಲೇ ನಿಂತು ಸರಪಳಿ, ಮರ, ನಕ್ಷತ್ರ, ಕುರ್ಚಿ ಎಲ್ಲವನ್ನೂ ಒಮ್ಮೆ ಅಳೆದರು. ತಪ್ಪು ಸಿಗಲಿಲ್ಲ. ಅವರಿಗೆ ಅದೇ ಒಂದು ಕೊರತೆಯಾಯಿತು. ಮರದ ಕೆಳಗಿನ ಕೆಂಪು ಪೊಟ್ಟಣಗಳತ್ತ ನಡೆದರು.

"ಇದೇನ್ ಮೇಷ್ಟ್ರೇ, ಎಲ್ಲಾ ಒಂದೇ ಥರ ಇದೆ. ಕೋಳಿಮೊಟ್ಟೆ ಇಟ್ಟ ಹಾಗೆ."

"ಹೆಸರು ನೋಡಿ ಹಂಚಿಬಿಡು," ಎಂದಳು ಹೆಂಡತಿ ಮಗಳಿಗೆ, ಹೆಮ್ಮೆಯಿಂದ.

ಮಗಳು ಮೊದಲನೆಯದನ್ನು ಎತ್ತಿದಳು, ತಿರುಗಿಸಿದಳು. ಎರಡನೆಯದನ್ನೂ ನೋಡಿದಳು. "ಅಪ್ಪ," ಎಂದಳು ಮೆಲ್ಲಗೆ, "ಇದರಲ್ಲಿ ಹೆಸರಿಲ್ಲ. 'ಕಟ್ಟಿದ್ದು ಇಪ್ಪತ್ತೆರಡು, ಬಿಚ್ಚುವುದು ಇಪ್ಪತ್ತೈದು' ಅಂತಿದೆ."

ಎಲ್ಲದರ ಮೇಲೂ ಅಷ್ಟೇ ಇತ್ತು. ಮೂವತ್ತೊಂದು ವರ್ಷ ತಾರೀಖು ಬರೆದ ಕೈ ಮತ್ತೆ ತಾರೀಖನ್ನೇ ಬರೆದಿತ್ತು. ಪ್ಲಾಸ್ಟರಿನ ಮೇಲೆ ಯಾರೂ ಹೆಸರು ಬರೆಯುವುದಿಲ್ಲ. ಅದರ ಒಡೆಯ ಅದರೊಳಗೇ ಇರುತ್ತಾನೆ.

ಅತ್ತಿಗೆಯ ಮಗ ನಗೆ ತಡೆಯಲಾರದೆ ಕೆಮ್ಮಿದ. ಅತ್ತಿಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಇದಕ್ಕೇ ನಾನು ಹೋಟೆಲು ಅಂದಿದ್ದು. ಸುಮ್ಮನೆ ಎಲ್ಲಾ ಹರಿದು ನೋಡಿ, ಯಾರದು ಯಾರಿಗೋ ಅವರವರೇ ಆರಿಸಿಕೊಂಡ್ರಾಯ್ತು."

ಹೆಂಡತಿಯ ಮುಖ ಇಳಿಯಿತು. ಮೇಷ್ಟ್ರು ಕುರ್ಚಿಯಿಂದೆದ್ದು ಮರದ ಮುಂದೆ ನೆಲದ ಮೇಲೆ ಕೂತರು.

"ಹರಿಯೋದು ಬೇಡ. ಕೊಡಮ್ಮ ಇಲ್ಲಿ."

ಮೊದಲ ಪೊಟ್ಟಣವನ್ನು ತೊಡೆಯ ಮೇಲಿಟ್ಟು, ಊದಿದ ಮಣಿಕಟ್ಟು ಹುಡುಕುವಂತೆ ಹೆಬ್ಬೆರಳಿನಿಂದ ನಿಧಾನ ಒತ್ತುತ್ತ ಹೋದರು. ಹೊರಗಿನವರಿಗೆ ಅದು ಬರೀ ಮೆತ್ತೆ. ಅವರ ಹೆಬ್ಬೆರಳು ಒಂದು ಕಡೆ ನಿಂತಿತು.

"ಕೊಡೆ. ಹಿಡಿಯ ಗುಂಡಿ ಇಲ್ಲಿದೆ. ಭಾವ, ನಿಮ್ಮದು."

ಷಡ್ಡಕ ಮನೆಯ ಹಳೆಯ ಕತ್ತರಿಯಿಂದ ಕತ್ತರಿಸಿ ಬಿಚ್ಚಿದರು. ಕೊಡೆಯೇ. ಎರಡನೆಯದನ್ನು ಮೇಷ್ಟ್ರು ಮುಟ್ಟಿದ್ದೇ ಸೊಸೆಯತ್ತ ಚಾಚಿದರು. "ಹುಷಾರಮ್ಮ, ಗಾಜು." ಮೂರನೆಯದು ಕತ್ತರಿ, ನಾಲ್ಕನೆಯದು ಟೋಪಿ. ಈಗ ಯಾರೂ ನಗುತ್ತಿರಲಿಲ್ಲ. ಅತ್ತಿಗೆ ಮುಂದಕ್ಕೆ ಬಾಗಿ ಕೂತಿದ್ದರು.

ಉಳಿದದ್ದು ಎರಡು. ಹೆಂಡತಿ ಗೊಂದಲಗೊಂಡಳು. "ನಾನು ಕೊಟ್ಟಿದ್ದು ಐದೇ ಅಲ್ವೇನ್ರೀ?"

ಮೇಷ್ಟ್ರು ಎರಡನ್ನೂ ಎರಡು ಕೈಯಲ್ಲಿ ತೂಗಿದರು. ಎರಡೂ ಶಾಲು, ಒಂದೇ ಅಂಗಡಿಯದು, ಹೆಚ್ಚುಕಡಿಮೆ ಒಂದೇ ತೂಕ. ಅವರು ಒತ್ತಿ ನೋಡಲಿಲ್ಲ. ಅಂಚಿನುದ್ದಕ್ಕೆ ಅಂಗೈ ಒಮ್ಮೆ ಸವರಿದರು, ಅಷ್ಟೇ. ಒಂದನ್ನು ಅತ್ತಿಗೆಗೆ ಕೊಟ್ಟರು. ಇನ್ನೊಂದನ್ನು ಎದ್ದು ಹೋಗಿ ಹೆಂಡತಿಯ ಮಡಿಲಲ್ಲಿ ಇಟ್ಟರು.

"ಕೊಡೇ ಇಲ್ಲಿ," ಎಂದು ಅತ್ತಿಗೆ ಕತ್ತರಿ ಹಿಡಿದು ಕೈಚಾಚಿದರು. "ನಿನಗೆಲ್ಲಿ ಬಿಚ್ಚೋಕಾಗುತ್ತೆ, ನಾನು ಬಿಚ್ಚಿಕೊಡ್ತೀನಿ."

ಹೆಂಡತಿ ಪೊಟ್ಟಣವನ್ನು ಅಕ್ಕನತ್ತ ಸರಿಸಹೊರಟಳು.

"ಬೇಡ ಅತ್ತಿಗೆ," ಎಂದರು ಮೇಷ್ಟ್ರು. "ಅದು ಕತ್ತರಿ ಬೇಡದ ಕಟ್ಟು." ಆಮೇಲೆ ಹೆಂಡತಿಗೆ, "ಎಡಗಡೆ ಒಂದು ತುದಿ ಇದೆ ನೋಡು. ಎಳಿ."

ಅದನ್ನು ಕಟ್ಟುವುದಕ್ಕೆ ಅವರಿಗೆ ಎರಡು ದಿನ ಹಿಡಿದಿತ್ತು. ಊಟದ ಬಿಡುವಿನಲ್ಲಿ, ಪ್ಲಾಸ್ಟರ್ ಕೋಣೆಯ ಬಾಗಿಲು ಹಾಕಿಕೊಂಡು, ಮನೆಯಿಂದ ಒಯ್ದ ಹತ್ತಿ ಕಾಗದ ಹರಡಿಕೊಂಡು, ತಮ್ಮ ಬಲಗೈಯನ್ನು ಬೆನ್ನಹಿಂದೆ ಸಿಕ್ಕಿಸಿ, ಕಟ್ಟಿದ್ದನ್ನು ಎಡಗೈ ಒಂದರಿಂದಲೇ ಬಿಚ್ಚಿ ನೋಡಿದ್ದರು. ಮೊದಮೊದಲು ಪೊಟ್ಟಣ ಮಡಿಲಿನಿಂದ ಜಾರುತ್ತಿತ್ತು. ತಳಕ್ಕೆ ಚಪ್ಪಟೆ ರಟ್ಟು ಕೊಟ್ಟರು. ಸುತ್ತು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಸುತ್ತಿನ ದಿಕ್ಕನ್ನೇ ತಿರುಗಿಸಿದರು. ಒಂದೇ ದಿಕ್ಕಿಗೆ ಜೀವಮಾನವಿಡೀ ಸುತ್ತಿದ್ದವರಿಗೆ ಆ ಒಂದು ತಿರುವು ಸುಲಭವಾಗಿರಲಿಲ್ಲ. ಒಂಬತ್ತನೆಯ ಸಲ ಸರಿಯಾಯಿತು.

ಹೆಂಡತಿ ತುದಿ ಹಿಡಿದು ಎಳೆದಳು. ಕೆಂಪು ಪಟ್ಟಿ ಎಲ್ಲೂ ತಡೆಯದೆ, ಹರಿಯದೆ, ಸುತ್ತಿನ ಮೇಲೆ ಸುತ್ತು ಬಿಚ್ಚಿಕೊಂಡು ಅವಳ ಕಾಲ ಬಳಿ ರಾಶಿಯಾಯಿತು. ಪೊಟ್ಟಣ ಮಡಿಲಲ್ಲಿ ಅಲುಗಲಿಲ್ಲ. ಕೊನೆಯ ಸುತ್ತು ಕಳಚಿದಾಗ ಹತ್ತಿ ತಾನಾಗಿಯೇ ಎರಡು ಹೋಳಾಗಿ ಬಿದ್ದು, ನಡುವೆ ನೀಲಿ ಶಾಲು.

ಷಡ್ಡಕ ತಮ್ಮ ಕೊಡೆಯ ಸುತ್ತ ಚಿಂದಿಯಾಗಿ ಬಿದ್ದಿದ್ದ ಕಾಗದ ನೋಡಿಕೊಂಡರು.

"ನಮಗ್ಯಾಕೆ ಮೇಷ್ಟ್ರೇ ಹಾಗೆ ಕಟ್ಟಲಿಲ್ಲ?"

"ನಿಮಗೆ ಎರಡು ಕೈ ಇದೆಯಲ್ಲ ಭಾವ."

ಅತ್ತಿಗೆ ಕತ್ತರಿಯನ್ನು ಕೆಳಗಿಟ್ಟರು. ನೆಲದ ಮೇಲಿನ ಕೆಂಪು ಪಟ್ಟಿಯ ತುದಿ ಎತ್ತಿ, ಬೆರಳಿಗೆ ಒಂದು ಸುತ್ತು ಸುತ್ತಿ ನೋಡಿ, "ನನ್ನ ತಂಗಿ ಚೆನ್ನಾಗಿ ಕಟ್ತಾಳೆ ಅಂದ್ಕೊಂಡಿದ್ದೆ ಇಷ್ಟು ದಿನ," ಎಂದರು. ಆ ದನಿಯಲ್ಲಿ ಕೊಂಕಿರಲಿಲ್ಲ.

"ಚೆನ್ನಾಗೇ ಕಟ್ತೀನಿ," ಎಂದಳು ಹೆಂಡತಿ. "ಇವರದು ಬೇರೆ." ಶಾಲನ್ನು ಒಂದೇ ಕೈಯಲ್ಲಿ ಹೆಗಲಿಗೆಳೆದುಕೊಂಡು ಎದ್ದಳು. "ಊಟಕ್ಕೆ ಏಳಿ ಭಾವ, ಏಳಿ ಎಲ್ಲರೂ. ಅಕ್ಕ, ಆ ತಟ್ಟೆ ಸ್ವಲ್ಪ ತೆಗೀತೀಯಾ?"

"ಎಲ್ಲಿಟ್ಟಿದ್ದೀಯೇ?" ಎನ್ನುತ್ತ ಅಕ್ಕ ಎದ್ದರು.

ತಂಗಿ ಪ್ಲಾಸ್ಟರ್ ಕೈಯನ್ನೇ ಚಾಚಿ ಮೇಲಿನ ಕಪಾಟು ತೋರಿಸಿದಳು. ಅಕ್ಕ ತಟ್ಟೆಗಳನ್ನು ಇಳಿಸಿ ಒರೆಸತೊಡಗಿದರು. ಮೇಷ್ಟ್ರು ಒಂದು ಕುರ್ಚಿಯನ್ನು ಎತ್ತಿ ತಂದು, ಊಟದ ಮೇಜಿನ ಮುಂದೆ ಎಲ್ಲರ ನಡುವಿನ ಜಾಗದಲ್ಲಿ ಇಟ್ಟು, ಹೆಂಡತಿ ಬಂದು ಕೂರುವವರೆಗೂ ಅದರ ಬೆನ್ನು ಹಿಡಿದು ನಿಂತಿದ್ದರು.