ಖುದ್ದೂಸ್ ಸಾಹೇಬರು ನುಣ್ಣಗೆ ಮಾಡಿಸಿದ ಗೋಡೆ

ಚಾಮರಾಜನಗರದ ಹಳೇ ಪೇಟೆಯಲ್ಲಿ ಹಾಸಿಗೆ ಹೊಲಿಯುವ ಖುದ್ದೂಸ್ ಸಾಹೇಬರನ್ನು ಅರಿಯದವರಿಲ್ಲ. ಉಮ್ಮತ್ತೂರಿನಿಂದ ಪುಣಜನೂರಿನವರೆಗೆ ಎಷ್ಟು ಮದುವೆಗಳ ಹಾಸಿಗೆ ಅವರ ಸೂಜಿ ಕಂಡಿದೆಯೋ! ಮಹಡಿ ಕಟ್ಟಡದ ಆ ಮೂಲೆ ಅಂಗಡಿಯಲ್ಲಿ ಮೊದಲು ಅವರಪ್ಪ ಕೂತಿದ್ದರು, ಆಮೇಲೆ ಇವರು. ಬೇರೆ ಜಾಗ ಇವರಿಗೆ ಗೊತ್ತೇ ಇಲ್ಲ.

ರಸ್ತೆ ಅಗಲ ಮಾಡುವ ಮಾತು ಹುಟ್ಟಿ ಕಟ್ಟಡಕ್ಕೆ ಕುತ್ತು ಬಂತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಟ್ಟಿದವುಗಳಿಗೆ ಅಂದಚೆಂದ, ಬೀದಿಗೆ ಒಪ್ಪುವ ರೀತಿ ನೋಡಿ ಸರ್ಕಾರದವರು ಅಂಕ ಕೊಡುತ್ತಾರಂತೆ. ಒಳ್ಳೆ ಅಂಕ ಬಂದರೆ ಬದುಕಿತು, ಇಲ್ಲದಿದ್ದರೆ ನೆಲಸಮ. ಮೊದಲು ನೋಡಲು ಬಂದ ಆರ್ಕಿಟೆಕ್ಟ್ ಹುಡುಗಿ ರೂಪಶ್ರೀ ಅಂಗಡಿ ಮುಂದೆ ನಿಂತವಳು ಕದಲಲಿಲ್ಲ. ದುಂಡು ಮೂಲೆ, ಸಿಮೆಂಟಿನ ಜಾಲಂಧ್ರ, ಬೆಣಚು ಹರಳು ಮೆತ್ತಿದ ಗೋಡೆ ಎಲ್ಲ ಸವರಿ ನೋಡಿ, ಅಂಕ ಕೊಡುವ ದೊಡ್ಡವರನ್ನು ಕರೆತರುತ್ತೇನೆ, ಇದು ಉಳಿಯಲೇಬೇಕು ಎಂದು ಹೇಳಿಹೋದಳು.

ಸಾಹೇಬರಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಕಟ್ಟಡದ ಯಜಮಾನ ಶಿವಮಲ್ಲಪ್ಪನವರನ್ನು ಹುಡುಕಿಕೊಂಡು ಹರದನಹಳ್ಳಿಗೇ ಹೋದರು. "ಎಣ್ಣು ನೋಡಕ್ಕೆ ಬರೋರ ಮುಂದ್ಕೆ ಮಾಸಿದ್ ಸೀರೇಲಿ ಕಳುಸ್ತಾರಾ ಯಜಮಾನ್ರೆ?" ಎಂದರು. ಯಜಮಾನರೂ ಹೌದೆಂದರು. ನೆಂಟರು ಬರುತ್ತಾರೆಂದರೆ ಸುಣ್ಣ ಬಳಿಯದ ಮನೆ ನಮ್ಮ ಕಡೆ ಉಂಟೆ? ಇಬ್ಬರೂ ಮುಂದೆ ನಿಂತು ಹರಳಿನ ಮೇಲೆ ನುಣ್ಣನೆ ಗಿಲಾವು ಮಾಡಿಸಿದರು, ಧೂಳು ಬರುತ್ತದೆಂದು ಜಾಲಂಧ್ರ ಮುಚ್ಚಿಸಿದರು, ಮೇಲೆ ಥಳಥಳ ಹಸಿರು ಪೇಂಟು ಹೊಡೆಸಿದರು. ಸಾಹೇಬರ ಹೆಂಡತಿ ಮೈಮುನಾ ಬಂದವರಿಗೆಂದು ಶಾವಿಗೆ ಪಾಯಸ ಕಾಯಿಸಿ ಕಳಿಸಿದಳು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು, ಏನು ಹೇಳೋಣ!

ದೊಡ್ಡವರು ಕಾರಿಂದ ಇಳಿದರು, ಮುಖಮುಖ ನೋಡಿಕೊಂಡರು, ಪಾಯಸ ಮುಟ್ಟದೆ ಹೊರಟೇಹೋದರು. ರೂಪಶ್ರೀ ಒಬ್ಬಳು ಉಳಿದಳು. ಅಂಕ ಸಿಗಬೇಕಿದ್ದದ್ದೇ ಆ ಹರಳಿಗೆ, ಆ ಜಾಲಂಧ್ರಕ್ಕೆ ಎಂದಳು. ಏನೂ ಮುಟ್ಟಬೇಡಿ ಎಂದು ಹೇಳಿಹೋಗುವುದು ತನಗೂ ಹೊಳೆಯಲಿಲ್ಲವೆಂದಳು. ಸಾಹೇಬರು ಎಲ್ಲಿಂದಲೋ ಚಾಣ ಸುತ್ತಿಗೆ ತಂದು ಗಿಲಾವು ಕೀಳತೊಡಗಿದರು. ಗಿಲಾವಿನ ಹೆಕ್ಕಳೆ ಎದ್ದರೆ ಹರಳೂ ಅದರ ಜೊತೆಗೇ ಉದುರಿದವು. ಇನ್ನೊಂದು ಕಡೆ ಹೊಡೆದರು, ಅಲ್ಲೂ ಅದೇ.

ಚಾಣ ಕೆಳಗಿಟ್ಟು ಕೇಳಿದರು: "ನಾನು ಸುಮ್ನೆ ಕೂತಿದ್ರೆ ಉಳ್ಕತಿತ್ತಾ ಮೇಡಮ್ಮ?"

ಹುಡುಗಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಉಳೀತಿತ್ತು ಸಾಹೇಬ್ರೆ," ಎಂದಳು.